ಅನಾಥನಿಗೆ ನ್ಯಾಯ ತೀರಿಸುವವನು

ಪ್ರಿಯ ಸಹೋದರಿ,

ನಿಮ್ಮ ಪತ್ರ ತಲುಪಿ ಮೂರು ವಾರವಾಯಿತು, ತಡವಾದುದಕ್ಕೆ ಕ್ಷಮಿಸಿ. ಲಾರಿ ಓಡಿಸುತ್ತಿದ್ದ ನಿಮ್ಮ ಯಜಮಾನರು ಹೋದ ವರ್ಷ ಘಾಟಿಯಲ್ಲಿ ಅಪಘಾತವಾಗಿ ತೀರಿಕೊಂಡರು. ಅದಕ್ಕೂ ಮುಂಚಿನ ಎರಡು ವರ್ಷ ಅವರು ಆರಾಧನೆಗೆ ಬಂದಿರಲಿಲ್ಲ. ಪ್ರಾರ್ಥನಾ ಕೂಟದಲ್ಲಿ ಒಬ್ಬರು ನಿಮ್ಮ ಕೈ ಹಿಡಿದುಕೊಂಡೇ, “ದೇವರು ನ್ಯಾಯತೀರ್ಪು ಮಾಡಿದರು, ಏನು ಮಾಡುವುದು” ಎಂದರು. ಅದು ನಿಜವೇ ಎಂದು ಕೇಳಿದ್ದೀರಿ. ‘ನ್ಯಾಯತೀರ್ಪು’ ಎಂದು ಬರೆದಲ್ಲೆಲ್ಲ ಪೆನ್ನನ್ನು ಎಷ್ಟು ಒತ್ತಿದ್ದೀರೆಂದರೆ, ಹಾಳೆಯ ಹಿಂಬದಿಯಲ್ಲಿ ಅಕ್ಷರಗಳು ಬೆರಳಿಗೆ ತಾಗುತ್ತವೆ.

ನಿಜವಲ್ಲ. ಹಾಗೆ ಹೇಳುವ ಅಧಿಕಾರ ಅವರಿಗೂ ಇಲ್ಲ, ನನಗೂ ಇಲ್ಲ.

ಲೂಕನ ಸುವಾರ್ತೆಯ 13ನೇ ಅಧ್ಯಾಯ ತೆರೆಯಿರಿ. ಸಿಲೋವದಲ್ಲಿ ಬುರುಜು ಕುಸಿದು 18 ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂದು ಭಾವಿಸುತ್ತೀರೋ ಎಂದು ಕೇಳಿದ ಯೇಸು, ಇಲ್ಲವೆಂದು ತಾವೇ ಉತ್ತರ ಕೊಟ್ಟರು. ಸತ್ತವರ ಲೆಕ್ಕ ನೋಡುವುದನ್ನು ಬಿಟ್ಟು ನೀವು ಮನಸ್ಸು ತಿರುಗಿಸಿಕೊಳ್ಳಿ ಎಂದು ಮಾತನ್ನು ಕೇಳುಗರ ಕಡೆಗೇ ತಿರುಗಿಸಿದರು. ಅದರ ಬೆನ್ನಿಗೇ ಹೇಳಿದ ಸಾಮ್ಯವನ್ನೂ ಓದಿ: ಮೂರು ವರ್ಷ ಹಣ್ಣು ಬಿಡದ ಅಂಜೂರದ ಗಿಡವನ್ನು ಕಡಿಯಲು ಒಡೆಯ ಹೇಳಿದರೆ, ಈ ವರ್ಷವೂ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದು ತೋಟಗಾರ ಬೇಡಿಕೊಳ್ಳುತ್ತಾನೆ. ಎರಡು ವರ್ಷ ದೂರ ಉಳಿದವರ ವಿಷಯದಲ್ಲಿ ನನಗೆ ನೆನಪಾಗುವುದು ಆ ತೋಟಗಾರನೇ.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರೂ ನಿಮ್ಮ ಕೂಟದವರಂತೆಯೇ ಸಮಾಧಾನ ಹೇಳಲು ಬಂದವರು. ಏಳು ದಿನ ನೆಲದ ಮೇಲೆ ಅವನ ಪಕ್ಕದಲ್ಲಿ ಸುಮ್ಮನೆ ಕುಳಿತರು. ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿಯಾಗಿತ್ತು. ಬಾಯಿ ಬಿಟ್ಟ ಮೇಲೆ, ನಿನ್ನ ಪಾಪದ ಫಲವಿದು ಎಂದು ವಾದಿಸಿದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಅವರ ಮೇಲೆ. ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಯಿತು.

ಹಾಗಾದರೆ ನ್ಯಾಯತೀರ್ಪು ಎಂದರೆ ಏನು? ನಾವು ಆ ಪದವನ್ನು ದಂಡನೆಗೆ ಇನ್ನೊಂದು ಹೆಸರೆಂಬಂತೆ ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ಹಳೆಯ ಒಡಂಬಡಿಕೆಯ ಹೀಬ್ರೂ ಪದ ‘ಮಿಷ್ಪಾಟ್’. ಪ್ರವಾದಿ ಆಮೋಸನು ನೀರಿನಂತೆ ಹರಿಯಲಿ ಎಂದದ್ದು ಇದನ್ನೇ. ಇದೇ ಧಾತುವಿನ ಕ್ರಿಯಾಪದವನ್ನು ಪ್ರವಾದಿ ಯೆಶಾಯನು ತನ್ನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಅನಾಥನ ವಿಷಯದಲ್ಲಿ ಬಳಸುತ್ತಾನೆ. ಅನಾಥನನ್ನು ದಂಡಿಸಿರಿ ಎಂದು ಯಾರಾದರೂ ಅರ್ಥ ಮಾಡಿಯಾರೇ? ಅನಾಥನಿಗೆ ನ್ಯಾಯ ತೀರಿಸಿರಿ, ಅವನಿಂದ ಕಿತ್ತುಕೊಂಡದ್ದನ್ನು ಅವನಿಗೆ ಕೊಡಿಸಿರಿ ಎಂದೇ ಅದರ ಅರ್ಥ. ಗಿದ್ಯೋನ, ದೆಬೋರ ಮೊದಲಾದವರ ಕಥೆಯಿರುವ ಪುಸ್ತಕಕ್ಕೆ ನಮ್ಮ ಭಾಷಾಂತರಕಾರರು ‘ನ್ಯಾಯಸ್ಥಾಪಕರು’ ಎಂದು ಹೆಸರಿಟ್ಟರು. ನನಗೆ ಬಹಳ ಪ್ರಿಯವಾದ ಪದವಿದು. ಆ ನಾಯಕರು ಪೀಠದ ಮೇಲೆ ಕುಳಿತು ಶಿಕ್ಷೆ ಬರೆಸಿದವರಲ್ಲ, ತುಳಿತಕ್ಕೊಳಗಾದ ಜನರನ್ನು ಬಿಡಿಸಿದವರು.

ನನ್ನ ತಾಯಿಯ ಜಮೀನಿನ ದಾವೆ ಹನ್ನೊಂದು ವರ್ಷ ನಡೆಯಿತು. ಪ್ರತಿ ವಾಯಿದೆಗೂ ಅವರು ಕಾಗದಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿಕೊಂಡು, ನ್ಯಾಯಾಲಯದ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದರು. “ತೀರ್ಪು ಯಾವಾಗ ಸ್ವಾಮಿ?” ಎಂದು ಕೇಳುವಾಗ ಅವರ ದನಿಯಲ್ಲಿ ಇದ್ದದ್ದು ಹಸಿವು. ಆ ಪದಕ್ಕೆ ಹೆದರುತ್ತಿದ್ದವರು ಗಡಿಕಲ್ಲು ಸರಿಸಿದವರು ಮಾತ್ರ. ಲೂಕನ 18ನೇ ಅಧ್ಯಾಯದ ವಿಧವೆಯೂ ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಬಂದದ್ದು ತೀರ್ಪು ಬೇಕೆಂದೇ.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಕೊಟ್ಟಂತಾಗುತ್ತದೆ. ಲೆಕ್ಕ ಒಪ್ಪಿಸುವ ದಿನವಿದೆ ಎಂದು ನಾನು ನಂಬುತ್ತೇನೆ, ಅದಕ್ಕೆ ಹೆದರುತ್ತೇನೆ ಕೂಡ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಆ ದಿನ ಜನರನ್ನು ಬಲಕ್ಕೂ ಎಡಕ್ಕೂ ಬೇರ್ಪಡಿಸುವ ಅರಸನು ಕೇಳುವುದು ಹಸಿದವನ, ಬಾಯಾರಿದವನ, ಪರದೇಶಿಯ, ಬಟ್ಟೆಯಿಲ್ಲದವನ, ರೋಗಿಯ, ಸೆರೆಯಲ್ಲಿರುವವನ ವಿಷಯ. ಬಲಗಡೆಯವರೂ ಎಡಗಡೆಯವರೂ ಒಂದೇ ಪ್ರಶ್ನೆ ಕೇಳುತ್ತಾರೆ: ಸ್ವಾಮೀ, ನಿನ್ನನ್ನು ಯಾವಾಗ ನೋಡಿದೆವು? ತಮ್ಮ ಸ್ಥಾನ ತಮಗೆ ಮೊದಲೇ ಗೊತ್ತಿತ್ತು ಎನ್ನುವವರು ಎರಡು ಗುಂಪಿನಲ್ಲೂ ಇಲ್ಲ. ಬೇರೆಯವರ ಸ್ಥಾನವನ್ನು ನಾವು ಹೇಳುವುದಾದರೂ ಹೇಗೆ?

ಆ ದಿನ ನ್ಯಾಯಪೀಠದಲ್ಲಿ ಕೂರುವವರು ಯಾರು ಎಂಬುದೇ ನನಗಿರುವ ಧೈರ್ಯ. ರೋಮನ್ ಅಧಿಪತಿ ಪಿಲಾತನು ಯೇಸುವನ್ನು ವಿಚಾರಿಸುವಾಗ ಕುಳಿತಿದ್ದ ನ್ಯಾಯಾಸನಕ್ಕೂ, ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಹೇಳುವ ಕ್ರಿಸ್ತನ ನ್ಯಾಯಾಸನಕ್ಕೂ ಗ್ರೀಕ್ ಮೂಲದಲ್ಲಿ ‘ಬೇಮ’ ಎಂಬ ಒಂದೇ ಪದವಿದೆ. ಸುಳ್ಳು ತೀರ್ಪನ್ನು ಮೈಮೇಲೆ ಹೊತ್ತವರೇ ನಿಜವಾದ ತೀರ್ಪು ಕೊಡುತ್ತಾರೆ. ನಿಮ್ಮ ಯಜಮಾನರು ಯೇಸುವಿನ ಕೈಯಲ್ಲಿದ್ದಾರೆ. ಆ ಎರಡು ವರ್ಷ ಅವರ ಮನಸ್ಸಿನಲ್ಲಿ ಏನಿತ್ತೆಂದು ಕೂಟದ ಯಾರಿಗೂ ತಿಳಿಯದು, ಯೇಸುವಿಗೆ ತಿಳಿದಿದೆ.

ಮುಂದಿನ ತಿಂಗಳ ಸ್ಮರಣೆಯ ಪ್ರಾರ್ಥನೆಗೆ ಯಾವ ಭಾಗ ಓದಲಿ ಎಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. 98ನೆಯ ಕೀರ್ತನೆಯನ್ನು ಓದಿಸಿ. ಸಮುದ್ರ ಗರ್ಜಿಸುತ್ತದೆ, ನದಿಗಳು ಚಪ್ಪಾಳೆ ತಟ್ಟುತ್ತವೆ, ಬೆಟ್ಟಗಳು ಹಾಡುತ್ತವೆ. ಅಷ್ಟು ಸಂತೋಷ ಯಾಕೆಂಬುದು ಕೊನೆಯ ವಚನದಲ್ಲಿದೆ: ದೇವರು ಭೂಮಿಗೆ ನ್ಯಾಯ ತೀರಿಸಲು ಬರುತ್ತಿದ್ದಾರೆ. ಆ ವಚನವನ್ನು ಬಿಡದೆ, ನಿಮ್ಮ ಮಗಳ ಕೈಯಿಂದ ಓದಿಸಿ.

ಸಂಪಾದಕ