ಜರ್ಮನಿಗೆ ಓದಲು ಹೊರಟವರ ಬ್ಯಾಗಿನಲ್ಲಿ ಏನಿರಬೇಕು?

ಜರ್ಮನಿಯ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು. ಹೊರಡುವ ದಿನ ಹತ್ತಿರವಾದವರ ಮನೆಗಳಿಂದ ಈ ಬಾರಿ ತುಂಬಾ ಪತ್ರಗಳು ಬಂದಿವೆ. ಎಲ್ಲರಿಗೂ ಉಪಯೋಗವಾಗುವ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಗ ಎಂ.ಎಸ್. ಮಾಡಲು ಸೆಪ್ಟೆಂಬರ್ ಕೊನೆಗೆ ಹೊರಡುತ್ತಿದ್ದಾನೆ. 23 ಕೆ.ಜಿ.ಯ ಎರಡು ಬ್ಯಾಗಿಗೆ ಅವಕಾಶ ಇದೆ. ತುಪ್ಪ, ಕೊಬ್ಬರಿ, ಕರಿಬೇವು, ಚಟ್ನಿಪುಡಿ, ಉಪ್ಪಿನಕಾಯಿ, ಕುಕ್ಕರ್ ಎಲ್ಲ ತೆಗೆದಿಟ್ಟಿದ್ದೇನೆ. ಏನು ಕಳಿಸಬಹುದು, ಏನು ಬೇಡ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ತುಪ್ಪದ ಡಬ್ಬಿ ಹೊರಗೆ ತೆಗೆಯಿರಿ ಅಮ್ಮ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ತುಪ್ಪ, ಬೆಣ್ಣೆ, ಹಾಲಿನ ಪುಡಿ ಎಲ್ಲ ಇದರಲ್ಲೇ ಬರುತ್ತವೆ. ಪೇಡ, ಕುಂದಾ ಕೂಡ ಬಿಟ್ಟುಬಿಡುವುದೇ ಒಳ್ಳೆಯದು. ಅಲ್ಲಿನ ಅಂಗಡಿಗಳಲ್ಲಿ ಉಪ್ಪಿಲ್ಲದ ಒಳ್ಳೆಯ ಬೆಣ್ಣೆ ಸಿಗುತ್ತದೆ. ಬೆಣ್ಣೆ ಕಾಯಿಸಿ ತುಪ್ಪ ಮಾಡುವುದನ್ನು ಮಗನಿಗೆ ಈಗಲೇ ಕಲಿಸಿಬಿಡಿ. ಡಬ್ಬಿಗಿಂತ ಅದು ಹೆಚ್ಚು ದಿನ ಬಾಳುತ್ತದೆ.

ಹಸಿ ಕರಿಬೇವಿಗೂ ಅಡ್ಡಿ ಇದೆ. ಹಣ್ಣು, ತರಕಾರಿ, ಸೊಪ್ಪು ಯಾವುದಕ್ಕಾದರೂ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡುರಿಯನ್‌ಗೆ ಮಾತ್ರ ಇದರಿಂದ ವಿನಾಯಿತಿ. ಕರಿಬೇವನ್ನು ನೆರಳಲ್ಲಿ ಒಣಗಿಸಿ, ಗರಿಗರಿಯಾಗಿ ಹುರಿದು ಚಟ್ನಿಪುಡಿಗೇ ಸೇರಿಸಿಬಿಡಿ. ಕೊಬ್ಬರಿಗೂ ಅದೇ ದಾರಿ. ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹತ್ತುತ್ತದೆ ಎಂದು ಇಡೀ ಗಿಟುಕನ್ನು ವಿಮಾನ ನಿಲ್ದಾಣದಲ್ಲೇ ತೆಗೆಸಿಡುತ್ತಾರೆ.

ಇನ್ನು ಕಳಿಸಬೇಕಾದದ್ದು. ಸಾರಿನ ಪುಡಿ, ಹುಳಿಪುಡಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ನಿಮ್ಮ ಕೈರುಚಿಯ ಪುಡಿ ಅಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹಾಗಾಗಿ ತೂಕವನ್ನು ಇದಕ್ಕೇ ಮೀಸಲಿಡಿ. ಅಕ್ಕಿ, ಬೇಳೆ, ಉಪ್ಪಿನಕಾಯಿ ಬಾಟಲಿಗಳು ದೊಡ್ಡ ಊರುಗಳ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಬೇಳೆ, ಮಸಾಲೆ ಟರ್ಕಿಯವರ ಅಂಗಡಿಗಳಲ್ಲೂ ಇರುತ್ತವೆ. ಪುಡಿಗಳನ್ನು ಎರಡೆರಡು ಕವರಿಗೆ ಹಾಕಿ, ಪ್ರತಿಯೊಂದರ ಮೇಲೂ ಇಂಗ್ಲಿಷಿನಲ್ಲಿ ಹೆಸರು ಬರೆದು ಚೀಟಿ ಅಂಟಿಸಿ. ಹೆಸರಿಲ್ಲದ ಕೆಂಪು ಪುಡಿಯ ಪೊಟ್ಟಣ ಕಂಡರೆ ಕಸ್ಟಮ್ಸ್‌ನವರು ಪ್ರಶ್ನೆ ಕೇಳುವುದು ಸಹಜ ಅಲ್ವಾ?

ಕುಕ್ಕರ್ ಖಂಡಿತ ಬೇಕು. ಎರಡು ಮೂರು ಲೀಟರಿನದು ಸಾಕು. ತಳ ಮಾತ್ರ ಇಂಡಕ್ಷನ್‌ಗೆ ಆಗುವಂಥದ್ದಿರಲಿ, ಏಕೆಂದರೆ ಅಲ್ಲಿನ ಹಾಸ್ಟೆಲ್ ಅಡುಗೆಮನೆಗಳಲ್ಲಿ ಹೆಚ್ಚಾಗಿ ಇರುವುದು ಕರೆಂಟಿನ ಒಲೆ. ಜೊತೆಗೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಇಡಿ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಅಲ್ಲಿ ಹುಡುಕುವುದು ಕಷ್ಟ. ಕುಕ್ಕರನ್ನು ಚೆಕ್-ಇನ್ ಬ್ಯಾಗಿಗೇ ಹಾಕಿ. ಒಳಗೆ ಕಾಲುಚೀಲ ತುರುಕಿ, ಪುಡಿ ಬೇಡ. ಸ್ಕ್ಯಾನ್‌ನಲ್ಲಿ ಒಳಗೇನಿದೆ ಎಂದು ಕಾಣದಿದ್ದರೆ ಬ್ಯಾಗ್ ಬಿಚ್ಚಿಸುತ್ತಾರೆ.

ಒಂದು ಮಾತು. ಈ ಎರಡು ಬ್ಯಾಗನ್ನೂ ರೈಲಿಗೆ ಹತ್ತಿಸಿ ಇಳಿಸುವವನು, ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಮೆಟ್ಟಿಲು ಹತ್ತಿಸುವವನು ನಿಮ್ಮ ಮಗ ಒಬ್ಬನೇ. ಎರಡು ವರ್ಷಕ್ಕೆ ಆಗುವಷ್ಟು ತುಂಬಬೇಡಿ. ಮೊದಲ ಎರಡು ವಾರ ಅವನಿಗೆ ತೊಂದರೆ ಆಗಬಾರದು, ಅಷ್ಟಕ್ಕೆ ಕಟ್ಟಿ. ಉಳಿದದ್ದನ್ನು ಅವನು ಅಲ್ಲೇ ಹೊಂದಿಸಿಕೊಳ್ಳುತ್ತಾನೆ.

ಪ್ರಶ್ನೆ: ಬ್ಲಾಕ್ಡ್ ಅಕೌಂಟ್‌ಗೆ ಪೂರ್ತಿ ಹಣ ಕಟ್ಟಿದ್ದೇವೆ. ಅದರ ಮೇಲೆ ಬೇರೆ ದುಡ್ಡು ಬೇಕಾ? ಯಾವ ಯಾವ ಕಾಗದಪತ್ರ ಒರಿಜಿನಲ್ ಒಯ್ಯಬೇಕು?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಬೇಕು. ಈ ವಿಷಯ ತಿಳಿಯದೆ ಮೊದಲ ತಿಂಗಳೇ ಪೇಚಿಗೆ ಸಿಕ್ಕುವವರು ತುಂಬಾ ಜನ. ಬ್ಲಾಕ್ಡ್ ಅಕೌಂಟ್ ಅಂದರೆ ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ಕಟ್ಟಿಡುವ ಖಾತೆ. ಅದಕ್ಕೆ ನೀವು ಕಟ್ಟಿರುವ 11,904 ಯೂರೋ ನಿಮ್ಮದೇ ಹಣ, ಆದರೆ ಇಳಿದ ದಿನವೇ ಕೈಗೆ ಬರುವುದಿಲ್ಲ. ಅಲ್ಲಿ ಬ್ಯಾಂಕ್ ಖಾತೆ ತೆರೆದು, ಬ್ಲಾಕ್ಡ್ ಅಕೌಂಟನ್ನು ಆಕ್ಟಿವೇಟ್ ಮಾಡಿಸಿದ ಮೇಲೆ ತಿಂಗಳಿಗೆ 992 ಯೂರೋದಂತೆ ಬರಲು ಶುರುವಾಗುತ್ತದೆ. ಅಷ್ಟರೊಳಗೆ ಬಾಡಿಗೆ, ಅಡ್ವಾನ್ಸ್, ಸೆಮಿಸ್ಟರ್ ಫೀ ಎಲ್ಲ ಬಂದು ನಿಲ್ಲುತ್ತವೆ. ಅಡ್ವಾನ್ಸ್ ಅಂದರೆ ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದಲ್ಲ. ಹೀಟಿಂಗ್, ನೀರಿನ ಖರ್ಚು ಬಿಟ್ಟ ಬರೀ ಬಾಡಿಗೆಯ ಮೂರು ತಿಂಗಳಿಗಿಂತ ಜಾಸ್ತಿ ಕೇಳಬಾರದು ಎಂದು ಅಲ್ಲಿ ಕಾನೂನೇ ಇದೆ. ಆದರೂ ಅದು ದೊಡ್ಡ ಮೊತ್ತವೇ. ಕನಿಷ್ಠ 1,500ರಿಂದ 2,000 ಯೂರೋ ಬೇರೆಯಾಗಿ ಇಟ್ಟುಕೊಳ್ಳಿ ಎಂದು ನನ್ನ ಸಲಹೆ. ಮುನ್ನೂರರಷ್ಟು ಸಣ್ಣ ನೋಟಿನಲ್ಲಿ, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ, ಅಂದರೆ ವಿದೇಶಿ ಹಣ ತುಂಬಿಸಿಕೊಂಡು ಹೋಗುವ ಕಾರ್ಡಿನಲ್ಲಿ. ಮನೆ ನೋಡುವ ಮೊದಲೇ, ಕೀಲಿ ಕೊರಿಯರ್ ಮಾಡ್ತೀನಿ, ಅಡ್ವಾನ್ಸ್ ಕಳಿಸಿ ಅನ್ನುವವರು ಸಿಗುತ್ತಾರೆ. ಅಂಥವರಿಗೆ ಒಂದು ಪೈಸೆಯನ್ನೂ ಹಾಕಬೇಡಿ.

ಹೋದ ಮೇಲೆ ಮೊದಲ ಕೆಲಸ ಆನ್‌ಮೆಲ್ಡುಂಗ್. ಅಂದರೆ ನಾನು ಈ ವಿಳಾಸದಲ್ಲಿದ್ದೇನೆ ಎಂದು ಊರಿನ ಕಚೇರಿಯಲ್ಲಿ ದಾಖಲಿಸುವುದು. ಮನೆ ಸೇರಿದ ಎರಡು ವಾರದೊಳಗೆ ಆಗಬೇಕು. ಇದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಒಂದು ಫಾರ್ಮ್ ಬೇಕು. ಬಾಡಿಗೆ ಕರಾರು ಮಾತ್ರ ತೋರಿಸಿದರೆ ಸಾಲದು. ರೆಸಿಡೆನ್ಸ್ ಪರ್ಮಿಟ್‌ನಂಥ ಮುಂದಿನ ಕೆಲಸಗಳು ಇದರ ಮೇಲೇ ನಿಂತಿವೆ. ತಾತ್ಕಾಲಿಕ ರೂಮು ಹಿಡಿಯುವಾಗ ಈ ಫಾರ್ಮ್ ಕೊಡ್ತೀರಾ ಎಂದು ಇಲ್ಲಿಂದಲೇ ಕೇಳಿ. ಕಚೇರಿಯ ಅಪಾಯಿಂಟ್‌ಮೆಂಟ್ ಆನ್‌ಲೈನ್‌ನಲ್ಲಿ ಸಿಗುವ ಊರಾದರೆ ಹುಬ್ಬಳ್ಳಿಯಲ್ಲಿದ್ದಾಗಲೇ ಬುಕ್ ಮಾಡಿ. ಅಕ್ಟೋಬರಿನಲ್ಲಿ ದೊಡ್ಡ ಊರುಗಳಲ್ಲಿ ಬೇಗ ದಿನ ಸಿಗುವುದಿಲ್ಲ.

ಕಾಗದಪತ್ರಗಳಿಗೆ ಬರೋಣ. ಪಾಸ್‌ಪೋರ್ಟ್, ಅಡ್ಮಿಷನ್ ಪತ್ರ, ಎಪಿಎಸ್ ಸರ್ಟಿಫಿಕೇಟ್ (ನಮ್ಮ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ), ಬ್ಲಾಕ್ಡ್ ಅಕೌಂಟಿನ ಪತ್ರ, ಇನ್ಶೂರೆನ್ಸ್, ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಮೂಲ ಅಂಕಪಟ್ಟಿಗಳು, ಜನನ ಪ್ರಮಾಣಪತ್ರ. ಎಲ್ಲವೂ ಕೈಚೀಲದಲ್ಲಿರಲಿ. ಚೆಕ್-ಇನ್ ಬ್ಯಾಗ್ ಒಂದು ದಿನ ತಡವಾಗಿ ಬಂದರೂ ಬಟ್ಟೆಗೆ ತೊಂದರೆ, ಅಷ್ಟೇ. ಕಾಗದಗಳ ಗತಿ ಹಾಗಾಗಬಾರದು. ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಇಡಿ, ಒಂದು ಸೆಟ್ ಜೆರಾಕ್ಸ್ ಮನೆಯಲ್ಲಿಡಿ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಎರಡು ಸೆಟ್ ಜಾಸ್ತಿಯೇ ತೆಗೆದುಕೊಳ್ಳಿ. ಆಮೇಲೆ ಬೇಕಾದರೆ ನಿಮ್ಮ ಅಪ್ಪ ಕೌಂಟರ್ ಮುಂದೆ ನಿಲ್ಲಬೇಕಾಗುತ್ತದೆ. ಡಿಗ್ರಿ ಸರ್ಟಿಫಿಕೇಟ್ ಇನ್ನೂ ಬಂದಿಲ್ಲದಿದ್ದರೆ ಅವರ ಹೆಸರಿಗೆ ಒಪ್ಪಿಗೆ ಪತ್ರವೊಂದನ್ನು ಸಹಿ ಮಾಡಿಟ್ಟು ಹೊರಡಿ.

ನಮ್ಮ ಕಡೆಯವರಿಗೆ ಇರುವ ಇನ್ನೊಂದು ತಲೆನೋವು ಹೆಸರಿನದು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಅಥವಾ ಊರಿನ ಹೆಸರು, ಕೆಲವರಿಗಂತೂ ಸರ್‌ನೇಮ್ ಜಾಗವೇ ಖಾಲಿ. ಜರ್ಮನಿಯ ಪ್ರತಿ ಫಾರ್ಮಿನಲ್ಲೂ ಎರಡು ಹೆಸರು ಕೇಳುತ್ತಾರೆ. ವಿಮಾನದ ಟಿಕೆಟ್, ಬ್ಯಾಂಕ್, ಇನ್ಶೂರೆನ್ಸ್, ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ. ಒಂದು ಅಕ್ಷರವೂ ಆಚೀಚೆ ಆಗಬಾರದು.

ಪ್ರಶ್ನೆ: ಮಗಳಿಗೆ ಥೈರಾಯ್ಡ್ ಮಾತ್ರೆ ನಡೀತಾ ಇದೆ. ಒಂದು ವರ್ಷದ್ದು ಕೊಟ್ಟು ಕಳಿಸಬಹುದಾ? ಲ್ಯಾಪ್‌ಟಾಪ್ ಚಾರ್ಜರ್, ಸ್ವೆಟರ್ ಬಗ್ಗೆಯೂ ತಿಳಿಸಿ.
– ಒಬ್ಬ ತಂದೆ, ಮೈಸೂರು

ಉತ್ತರ: ಸ್ವಂತ ಬಳಕೆಗೆ ಸುಮಾರು ಮೂರು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಡಾಕ್ಟರ್ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ, ಅದನ್ನು ತೋರಿಸಿ ಅಲ್ಲಿನ ಡಾಕ್ಟರ್ ಹತ್ತಿರ ಬರೆಸಿಕೊಳ್ಳಬಹುದು. ಆಮೇಲೆ ಮಾತ್ರೆಯನ್ನು ಪಾರ್ಸೆಲ್ ಮಾಡಿದರಾಯಿತು ಅಂದುಕೊಳ್ಳಬೇಡಿ. ಭಾರತದಿಂದ ಅಂಚೆಯಲ್ಲಿ ಔಷಧ ತರಿಸಿಕೊಳ್ಳಲು ಅಲ್ಲಿ ಅನುಮತಿ ಇಲ್ಲ. ಹೊರಡುವ ಮುಂಚೆ ಹಲ್ಲು ತೋರಿಸಿ. ಕನ್ನಡಕ ಇದ್ದರೆ ಎರಡು ಜೊತೆ ಮಾಡಿಸಿ.

ಕರೆಂಟ್ ಅಲ್ಲೂ 230 ವೋಲ್ಟ್, ನಮ್ಮ ಸಾಮಾನು ಸುಡುವುದಿಲ್ಲ. ಆದರೆ ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ. ಒಂದೆರಡು ಅಡಾಪ್ಟರ್ ಸಾಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಥರ್ಮಲ್ ಎರಡು ಜೊತೆ ಇಲ್ಲೇ ಕೊಳ್ಳಿ, ದಪ್ಪ ಜಾಕೆಟ್ ಮತ್ತು ಬೂಟು ಅಲ್ಲಿ. ಮೈಸೂರಿನ ಚಳಿಗೆ ಹೊಲಿದ ಸ್ವೆಟರ್ ಜನವರಿಯಲ್ಲಿ ಸಾಲುವುದಿಲ್ಲ.

ಪ್ರಶ್ನೆ: ಶನಿವಾರ ರಾತ್ರಿ ಇಳಿಯುವ ಟಿಕೆಟ್ ಅಗ್ಗಕ್ಕೆ ಸಿಗ್ತಿದೆ. ತಗೊಳ್ಳಲಾ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಬೇಡ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳನ್ನು ಬಿಟ್ಟು. ಅಕ್ಟೋಬರ್ 3 ಅಲ್ಲಿನ ರಾಷ್ಟ್ರೀಯ ರಜೆ, ಅವತ್ತೂ ಹಾಗೆಯೇ. ಹಾಸ್ಟೆಲ್ ಕೀಲಿ ಕೊಡುವ ಕಚೇರಿಯೂ ಸಾಮಾನ್ಯವಾಗಿ ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಮಾತ್ರ ತೆರೆದಿರುತ್ತದೆ. ಸೋಮವಾರದಿಂದ ಗುರುವಾರದೊಳಗೆ ಬೆಳಿಗ್ಗೆ ಇಳಿಯುವ ಟಿಕೆಟ್ ನೋಡಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಬೇರೆ ದಾರಿಯೇ ಇಲ್ಲ ಅಂದರೆ ಎರಡು ರಾತ್ರಿಗೆ ಹೋಟೆಲ್ ಬುಕ್ ಮಾಡಿ. ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪ್ಯಾಕೆಟ್ ನಾಲ್ಕು, ಒಂದು ಸ್ಟೀಲ್ ಡಬ್ಬಿ, ಒಂದು ಚಮಚ ಕೈಚೀಲದಲ್ಲಿ ಇಟ್ಟುಕೊಳ್ಳಿ. ಮ್ಯೂನಿಕ್, ಫ್ರಾಂಕ್‌ಫರ್ಟ್‌ನಂಥ ಊರುಗಳಲ್ಲಿ ಕನ್ನಡ ಸಂಘಗಳಿವೆ. ಹೋಗುವ ಊರಿನಲ್ಲಿ ಅಂಥದ್ದೇನಾದರೂ ಇದ್ದರೆ ಈಗಲೇ ಪರಿಚಯ ಮಾಡಿಕೊಳ್ಳಿ, ತುರ್ತಿಗೆ ಫೋನ್ ಮಾಡಲು ಅಲ್ಲಿನ ಒಂದು ನಂಬರ್ ಆದರೂ ನಿಮ್ಮ ಹತ್ತಿರ ಇರಲಿ.