ಹೊಸದಾಗಿ ನೆಟ್ಟ ಹೈಡ್ರೇಂಜಿಯ ಹೂಗಿಡ ಮಧ್ಯಾಹ್ನ ಬಾಡುತ್ತಿದೆ, ನೀರು ಇನ್ನೂ ಜಾಸ್ತಿ ಹಾಕಬೇಕೇ?

ಬೇಡ. ತೀರ್ಥಹಳ್ಳಿಯ ನಿಮ್ಮ ಅಂಗಳದಲ್ಲಿ ಎರಡು ವಾರದ ಹಿಂದೆ ನೆಟ್ಟ ಮೂರು ಗಿಡಕ್ಕೂ ದಿನಕ್ಕೆ ಮೂರು ಹೊತ್ತು ನೀರು ಹಾಕುತ್ತಿದ್ದರೂ ಎಲೆ ಜೋತುಬೀಳುತ್ತಿದೆ, ಅಂಚು ಕಂದಾಗಿದೆ ಎಂದು ಬರೆದಿದ್ದೀರಿ. ಮೊದಲು ಆ ಮೂರು ಹೊತ್ತಿನ ನೀರು ನಿಲ್ಲಿಸಿ.

ನಾಳೆ ಬಿಸಿಲೇರುವ ಮುಂಚೆ ಗಿಡ ನೋಡಿ. ಆಗ ಎಲೆ ನೆಟ್ಟಗಿದ್ದರೆ ಹೆದರುವ ಕಾರಣವಿಲ್ಲ. ಇದರ ಎಲೆ ಅಗಲ, ಬಿಸಿಲಿಗೆ ಬೇಗ ನೀರು ಬಿಡುತ್ತದೆ. ಇನ್ನೂ ಮಣ್ಣು ಹಿಡಿಯದ ಬೇರು ಅಷ್ಟು ವೇಗದಲ್ಲಿ ನೀರೆತ್ತಿ ಕೊಡಲಾರದು. ಹಾಗಾಗಿ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತದೆ.

ಬೆಳಿಗ್ಗೆಯೂ ಬಾಡಿದ್ದರೆ ತೊಂದರೆ ಬುಡದಲ್ಲಿದೆ. ಎರಡು ಕಡೆ ಬೆರಳಿಳಿಸಿ ನೋಡಿ: ಒಂದು ಕಾಂಡದ ಪಕ್ಕದಲ್ಲೇ, ಇನ್ನೊಂದು ಒಂದು ಗೇಣು ದೂರದಲ್ಲಿ. ನರ್ಸರಿಯವರು ಹೆಚ್ಚಾಗಿ ಕೋಕೋಪೀಟ್ ತುಂಬಿ ಬೆಳೆಸಿರುತ್ತಾರೆ. ಅಂಥ ಬೇರಿನ ಮುದ್ದೆ ಒಮ್ಮೆ ಪೂರ್ತಿ ಒಣಗಿದರೆ ಸುಲಭಕ್ಕೆ ನೀರು ಹೀರುವುದಿಲ್ಲ. ಕಾಂಡದ ಪಕ್ಕ ಒಣಗಿದ್ದು ದೂರದಲ್ಲಿ ಒದ್ದೆಯಿದ್ದರೆ, ನೀವು ಹಾಕಿದ ನೀರೆಲ್ಲ ಪಕ್ಕದ ಕೆಂಪು ಮಣ್ಣಿಗೆ ಹೋಗಿ, ಬೇರಿನ ಮುದ್ದೆ ಒಳಗೆ ಒಣಗಿಯೇ ಉಳಿದಿರುತ್ತದೆ. ಇದಕ್ಕೆ ಐದು ಲೀಟರಿನ ಕ್ಯಾನಿನ ತಳಕ್ಕೆ ಸೂಜಿಯಿಂದ ತೂತು ಮಾಡಿ ಕಾಂಡದ ಹತ್ತಿರ ಇಟ್ಟುಬಿಡಿ, ನಿಧಾನಕ್ಕೆ ಇಳಿಯಲಿ. ಆಮೇಲೆ ಮೇಲಿನ ಎರಡು ಇಂಚು ಒಣಗಿದಾಗ ಮಾತ್ರ ಇನ್ನೊಂದು ಕ್ಯಾನು.

ಎರಡೂ ಕಡೆ ಒದ್ದೆಯಿದ್ದು ಹುಳಿ ವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಅಂಥ ಗಿಡವನ್ನು ಸಂಜೆ ಹೊತ್ತು ಮುದ್ದೆ ಸಮೇತ ಎತ್ತಿ. ಬಿಳಿಯಾಗಿ ಗಟ್ಟಿಯಿರುವ ಬೇರು ಜೀವಂತ; ಎಳೆದರೆ ಸಿಪ್ಪೆ ಜಾರಿ ದಾರದಂತೆ ಉಳಿಯುವುದನ್ನು ಕತ್ತರಿಸಿ. ಕೊಟ್ಟೆಯ (ನರ್ಸರಿಯ ಪ್ಲಾಸ್ಟಿಕ್ ಚೀಲದ) ಆಕಾರಕ್ಕೆ ಬೇರು ಸುತ್ತಿಕೊಂಡಿದ್ದರೆ ಮೂರು ಕಡೆ ಮೇಲಿಂದ ಕೆಳಗೆ ಅರ್ಧ ಇಂಚು ಆಳ ಗೀರಿ. ಗುಂಡಿ ಅಗಲದಲ್ಲಿ ಮುದ್ದೆಯ ಎರಡರಷ್ಟಿರಲಿ, ಆಳ ಮುದ್ದೆಗಿಂತ ಒಂದು ಬೆರಳು ಕಡಿಮೆಯೇ ಇರಲಿ. ಕಾಂಡ ಮಣ್ಣಲ್ಲಿ ಹುಗಿದರೆ ನಮ್ಮ ಮಳೆಗೆ ಅದು ಕೊಳೆಯುವ ಭಯವಿದೆ.

ನೆರಳಿನ ಬಗ್ಗೆ ಉದಾಸೀನ ಬೇಡ. ಬೆಳಿಗ್ಗೆ ಹತ್ತರವರೆಗಿನ ಬಿಸಿಲು ಸಾಕು. ಪಡುವಣಕ್ಕೆ ನಾಲ್ಕು ಕೋಲು ನೆಟ್ಟು ಅಡಿಕೆ ಸೋಗೆ ಕಟ್ಟಿ, ಮೂರ್ನಾಲ್ಕು ವಾರ ಕಳೆದ ಮೇಲೆ ಒಂದೊಂದಾಗಿ ತೆಗೆಯಿರಿ. ಬುಡಕ್ಕೆ ಮೂರು ಇಂಚು ದರಗು (ಒಣ ಎಲೆ) ಹಾಸಿ, ಕಾಂಡಕ್ಕೆ ಮಾತ್ರ ತಾಗದಿರಲಿ.

ಹೂವಿದ್ದರೆ ಈಗಲೇ ಚಿವುಟಿ. ಮನಸ್ಸು ಬಾರದು, ಗೊತ್ತು, ಆದರೆ ಅಷ್ಟು ದೊಡ್ಡ ಗೊಂಚಲನ್ನು ಸಾಕುವ ಶಕ್ತಿ ಈ ಬೇರಿಗೆ ಈಗಿಲ್ಲ. ಕೊಂಬೆ ಮಾತ್ರ ಕತ್ತರಿಸಬೇಡಿ, ಮುಂದಿನ ಹೂವಿನ ಮೊಗ್ಗು ಹಳೆಯ ಕೊಂಬೆಯ ತುದಿಯಲ್ಲೇ ಇರುತ್ತದೆ. ಒಣಗಿದೆಯೆಂಬ ಅನುಮಾನ ಬಂದರೆ ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಬಿಡಿ. ಅಂಚು ಸುಟ್ಟ ಎಲೆಯನ್ನೂ ಕೀಳಬೇಡಿ, ಹಸಿರಿರುವಷ್ಟು ಭಾಗ ಗಿಡಕ್ಕೆ ಊಟ ಕೊಡುತ್ತಿರುತ್ತದೆ.

ಗೊಬ್ಬರ ಆರು ವಾರ ಬೇಡವೇ ಬೇಡ. ಯೂರಿಯಾ, ಡಿಎಪಿ, ಹಸಿ ಸಗಣಿ ಯಾವುದೂ ಎಳೆ ಬೇರಿಗೆ ಆಗದು. ಹೊಸ ಚಿಗುರು ಒಡೆದು ಎರಡು ಜೊತೆ ಎಲೆ ಬಿಚ್ಚಿದ ಮೇಲೆ ಒಂದು ಬೊಗಸೆ ಹಳೆಯ ಗೊಬ್ಬರದಿಂದ ಶುರುಮಾಡಿ. ಬಚ್ಚಲೊಲೆಯ ಬೂದಿ, ಸುಣ್ಣ ಹಾಕುವ ಅಭ್ಯಾಸವಿದ್ದರೆ ಈ ಗಿಡಕ್ಕೆ ಮಾತ್ರ ಹಾಕಬೇಡಿ. ನಮ್ಮ ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಗಿಡಕ್ಕೆ ಸಿಗುವುದರಿಂದಲೇ ಹೂ ನೀಲಿಯಾಗುತ್ತದೆ. ಬೂದಿ, ಸುಣ್ಣ ಮಣ್ಣಿನ ಹುಳಿ ಇಳಿಸುತ್ತವೆ, ನೀಲಿ ಹೋಗಿ ಗುಲಾಬಿಗೆ ತಿರುಗುತ್ತದೆ.

ಮಳೆಗಾಲಕ್ಕೆ ಮುಂಚೆ, ಮೇ ಮುಗಿಯುವುದರೊಳಗೆ, ಕಾಂಡ ಹುಗಿಯದ ಹಾಗೆ ಗಿಡದ ಸುತ್ತ ಮಣ್ಣು ಏರಿಸಿ, ಪಕ್ಕದಲ್ಲಿ ಬಸಿಗಾಲುವೆ ತೆಗೆಯಿರಿ. ಸೂರಿನ ನೀರು ನೇರ ಬುಡಕ್ಕೆ ಬೀಳುವ ಜಾಗದಲ್ಲಿ ನೆಟ್ಟಿದ್ದರೆ ಆ ಗಿಡವನ್ನು ಮುಂಚೆಯೇ ಎರಡಡಿ ಆಚೆಗೆ ಸರಿಸಿ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನ ಅದರ ಹನಿ ಬೀಳದ ಹಾಗೆ ಒಂದು ಚೀಲ ಹೊದೆಸಿ, ಸಂಜೆ ತೆಗೆದುಬಿಡಿ.