ಕೋಡ್ ಅಳಿಸುವ ಮೊದಲು ಆಯಿಲ್ ಪ್ರೆಶರ್ ಅಳೆಯಿರಿ

ಪ್ರಶ್ನೆ: ನಮ್ಮ ಕ್ಯಾಟ್ (ಕ್ಯಾಟರ್‌ಪಿಲರ್) ಎಕ್ಸ್‌ಕವೇಟರ್‌ನ ಎಂಜಿನ್ ಕಂಪ್ಯೂಟರ್‌ನಲ್ಲಿ ಲೋ ಆಯಿಲ್ ಪ್ರೆಶರ್ ಇವೆಂಟ್ (ದೋಷದ ಕೋಡ್) ದಾಖಲಾಗಿದೆ. ಕಂಪನಿಯ ದೋಷಪತ್ತೆ ಸಾಫ್ಟ್‌ವೇರ್ ಕ್ಯಾಟ್ ಇಟಿಯಲ್ಲಿ ಅಳಿಸಲು ಹೋದರೆ ಫ್ಯಾಕ್ಟರಿ ಪಾಸ್‌ವರ್ಡ್ ಕೇಳುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಪಾಸ್‌ವರ್ಡ್ ಜನರೇಟರ್ ಮಾರುತ್ತಿದ್ದಾರೆ. ಕೊಳ್ಳಬಹುದೆ? – ಮೆಕ್ಯಾನಿಕ್, ಸಂಡೂರು

ಉತ್ತರ: ಬೇಡ. ಇವೆಂಟ್ ಈಗಲೂ ಆ್ಯಕ್ಟಿವ್ ಇದೆಯೋ, ಬರೀ ದಾಖಲೆಯಲ್ಲಿದೆಯೋ ಮೊದಲು ನೋಡಿ. ಬರೀ ದಾಖಲೆಯಾಗಿದ್ದರೆ ಅದರಿಂದ ಎಂಜಿನ್ ನಿಲ್ಲುವುದೂ ಇಲ್ಲ, ಪವರ್ ಇಳಿಯುವುದೂ ಇಲ್ಲ. ಅಳಿಸಲು ಅವಸರವೇನೂ ಇಲ್ಲ. ಆ್ಯಕ್ಟಿವ್ ಇದ್ದರೆ ಕೂಡಲೇ ಎಂಜಿನ್ ಆಫ್ ಮಾಡಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ನೋಡಿ. ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬರುತ್ತಿದೆಯೇ ಮೂಸಿ ನೋಡಿ. ಮಟ್ಟ ಸರಿಯಿದ್ದರೆ ಮೆಕ್ಯಾನಿಕಲ್ ಗೇಜ್ ಜೋಡಿಸಿ, ಸ್ಟಾರ್ಟ್ ಮಾಡಿ ಇಟಿ ತೋರಿಸುವ ಅಂಕಿಗೆ ಹೋಲಿಸಿ. ಗೇಜ್‌ನಲ್ಲೂ ಕಡಿಮೆಯಿದ್ದರೆ ತಕ್ಷಣ ಆಫ್ ಮಾಡಿ. ಫಿಲ್ಟರ್, ರಿಲೀಫ್ ವಾಲ್ವ್, ಬೇರಿಂಗ್ ಬಿಚ್ಚಿ ನೋಡಲೇಬೇಕು. ಗೇಜ್ ಸರಿ, ಇಟಿಯಲ್ಲಿ ಮಾತ್ರ ಕಡಿಮೆ ಎಂದರೆ ಸೆನ್ಸರ್, ಕನೆಕ್ಟರ್, ವೈರಿಂಗ್ ನೋಡಿ. ಇದನ್ನೆಲ್ಲ ಬಿಟ್ಟು ದಾಖಲೆ ಅಳಿಸಿದರೆ ಮುಂದೆ ರಿಪೇರಿಗೆ ಬರುವವನಿಗೆ ಸುಳಿವೇ ಸಿಗುವುದಿಲ್ಲ.

ಪಾಸ್‌ವರ್ಡ್ ಪರದೆಯಲ್ಲಿ ಎಂಜಿನ್ ಸೀರಿಯಲ್, ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸೀರಿಯಲ್, ಸರ್ವೀಸ್ ಟೂಲ್ ಸೀರಿಯಲ್, ರೀಸನ್ ಕೋಡ್, ಟೋಟಲ್ ಟ್ಯಾಟಲ್‌ಟೇಲ್ ಎಂಬ ಸಂಖ್ಯೆಗಳಿರುತ್ತವೆ. ಕೊನೆಯದು ಇಸಿಎಂ ಸೆಟ್ಟಿಂಗ್ ಬದಲಾದಾಗ ಏರುವ ಎಣಿಕೆ. ಇವೆಲ್ಲ ಸೇರಿ ಹುಟ್ಟುವ ಪಾಸ್‌ವರ್ಡ್ ಒಂದೇ ಬಾರಿ ಕೆಲಸ ಮಾಡುತ್ತದೆ. ಕಳ್ಳ ಜನರೇಟರ್ ಬಳಸಿ ಬದಲಾಯಿಸಿದ್ದೂ ಈ ಎಣಿಕೆಗೆ ಸೇರುತ್ತದೆ, ಡೀಲರ್ ದಾಖಲೆಗೆ ತಾಳೆಯಾಗುವುದಿಲ್ಲ. ವಾರಂಟಿ ಇದ್ದರೆ ತಕರಾರು ಅಲ್ಲೇ ಶುರು. ಜನರೇಟರ್ ಕೈಗೆ ಸಿಕ್ಕವರು ಕೋಡ್ ಅಳಿಸಿ ಸುಮ್ಮನಿರುವುದೂ ಅಪರೂಪ. ಎಂಜಿನ್‌ಗೆ ಹೋಗುವ ಡೀಸೆಲ್ ಮಿತಿಗೊಳಿಸುವ ಎಫ್‌ಎಲ್‌ಎಸ್ (ಫುಲ್ ಲೋಡ್ ಸೆಟ್ಟಿಂಗ್), ಎಫ್‌ಟಿಎಸ್ (ಫುಲ್ ಟಾರ್ಕ್ ಸೆಟ್ಟಿಂಗ್) ಗಳಿಗೂ ಕೈ ಹಾಕುತ್ತಾರೆ. ಡೀಸೆಲ್ ಹೆಚ್ಚಾಗಿ ಹೊಗೆ ದಟ್ಟವಾಗುತ್ತದೆ, ಎಕ್ಸಾಸ್ಟ್ ಬಿಸಿಗೆ ಟರ್ಬೊ, ಪಿಸ್ಟನ್ ಸೋಲುತ್ತವೆ.

ದಾರಿ ನೇರವಾಗಿದೆ: ಆ ಪರದೆಯ ಫೋಟೊ ತೆಗೆದು, ಕಾನ್ಫಿಗರೇಶನ್ ಪ್ರಿಂಟ್ ಜೊತೆಗೆ ಡೀಲರ್‌ಗೆ ಕಳಿಸಿ ಪಾಸ್‌ವರ್ಡ್ ಪಡೆಯಿರಿ. ಪಾಸ್‌ವರ್ಡ್ ಬರುವವರೆಗೆ ಬೇರೆ ಸೆಟ್ಟಿಂಗ್ ಮುಟ್ಟಬೇಡಿ. ಎಣಿಕೆ ಏರಿದರೆ ಬಂದ ಪಾಸ್‌ವರ್ಡ್ ನಡೆಯುವುದಿಲ್ಲ.

ಪ್ರಶ್ನೆ: ಇಂಥ ಜನರೇಟರನ್ನು ಆಂಟಿವೈರಸ್ ಆಫ್ ಮಾಡಿ ಈಗಾಗಲೇ ಹಾಕಿಕೊಂಡಿದ್ದೇನೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಜಿಎಸ್‌ಟಿ ಬಿಲ್ಲಿಂಗೂ ಇದೆ. – ಗ್ಯಾರೇಜ್ ಮಾಲೀಕ, ಹೊಸಪೇಟೆ

ಉತ್ತರ: ಮೊದಲು ಇಂಟರ್ನೆಟ್ ಕಿತ್ತುಹಾಕಿ. ‘ಆಂಟಿವೈರಸ್ ಆಫ್ ಮಾಡಿ’ ಎಂದು ಯಾರಾದರೂ ಹೇಳಿದರೆ ಅಲ್ಲೇ ಎಚ್ಚರಾಗಬೇಕು. ಇಂಥ ಫೈಲ್‌ಗಳ ಜೊತೆ ಬ್ರೌಸರ್‌ನಲ್ಲಿ ಸೇವ್ ಆದ ಪಾಸ್‌ವರ್ಡ್ ಕದಿಯುವ, ದೂರದಿಂದಲೇ ಲ್ಯಾಪ್‌ಟಾಪ್ ನಡೆಸುವ ಟ್ರೋಜನ್ ಬರುವುದು ಸಾಮಾನ್ಯ. ಬ್ಯಾಂಕ್, ಜಿಎಸ್‌ಟಿ, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಾಯಿಸಿ, ಎಲ್ಲ ಕಡೆ ಲಾಗ್‌ಔಟ್ ಕೊಡಿ. ಬಿಲ್, ಫೋಟೊ, ಇಸಿಎಂ ರಿಪೋರ್ಟ್ ಮಾತ್ರ ನಕಲು ಮಾಡಿ. ಸೆಟಪ್ ಫೈಲ್ ಒಂದನ್ನೂ ಉಳಿಸಿಕೊಳ್ಳಬೇಡಿ. ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಸಿ. ಆಮೇಲೆ ಡಯಾಗ್ನಾಸ್ಟಿಕ್‌ಗೊಂದು, ಬಿಲ್ಲಿಂಗ್‌ಗೊಂದು ಲ್ಯಾಪ್‌ಟಾಪ್ ಇಟ್ಟುಕೊಳ್ಳಿ. ಇಟಿಯೂ ಕ್ರ್ಯಾಕ್ ಪ್ರತಿಯಾದರೆ ಗೊತ್ತಿದ್ದೂ ಬಳಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಜೈಲು, ದಂಡ ಎರಡಕ್ಕೂ ಅವಕಾಶವಿದೆ.